ಧೂಳು ಒರೆಸುವ ಮುನ್ನ ಬೆಲೆ ಕಟ್ಟಿ

ಜಯನಗರದ ಹಳೆಯ ಬ್ಲಾಕುಗಳಲ್ಲಿ ಒಂದು ಸುತ್ತು ಹಾಕಿದರೆ ರಸ್ತೆಗೆ ಒಂದಾದರೂ ಮನೆಗೆ ಹಸಿರು ಬಲೆ ಹೊದಿಸಿರುವುದು ಕಾಣುತ್ತದೆ. ಅರವತ್ತರ ದಶಕದಲ್ಲಿ ಕಟ್ಟಿದ, ರೆಡ್‌ಆಕ್ಸೈಡ್ ನೆಲದ ಮನೆ ಉರುಳಿ ಆ ಜಾಗದಲ್ಲಿ ನಾಲ್ಕು ಮಹಡಿ ಏಳುತ್ತದೆ. ಮನೆ ಖಾಲಿ ಮಾಡುವಾಗ ಅಟ್ಟದಿಂದ ಹಿತ್ತಾಳೆ ಹಂಡೆ, ಕೆಟ್ಟ ರೇಡಿಯೋ, ಹಳೆಯ ಪಂಚಾಂಗಗಳ ಕಟ್ಟು ಇಳಿಯುತ್ತವೆ. ಕೆಲವು ಮನೆಗಳ ಶೆಡ್ಡಿನಿಂದ ಒಂದು ಕಾರೇ ಹೊರಬರುವುದುಂಟು.

ಅಂಥ ಒಂದು ಮನೆಯನ್ನು ಕಲ್ಪಿಸಿಕೊಳ್ಳೋಣ. ಶೆಡ್ಡಿನಲ್ಲಿರುವುದು 1964ರ ಫಿಯೆಟ್. ಯಜಮಾನರು ಕಣ್ಣು ಮಂಜಾಯಿತೆಂದು ಓಡಿಸುವುದನ್ನು ಬಿಟ್ಟ ದಿನದಿಂದ ಅದು ಅಲ್ಲೇ ನಿಂತಿದೆ. ಈಗ ಅವರಿಲ್ಲ. ಟೈರುಗಳು ನೆಲಕ್ಕೆ ಅಂಟಿವೆ, ಬಾನೆಟ್ ಮೇಲೆ ಬೆರಳಿನಷ್ಟು ಧೂಳಿದೆ. ಬಿಲ್ಡರ್‌ಗೆ ಸೈಟು ಒಪ್ಪಿಸಲು ಇನ್ನು ಮೂರೇ ವಾರ. ಗುಜರಿಯವನು ಗೇಟಿನ ಬಳಿ ನಿಂತು, “ಇಪ್ಪತ್ತು ಸಾವಿರ ಮೇಡಂ, ಈಗಲೇ ಗಾಡಿ ತರಿಸಿ ಎತ್ತಿಸ್ತೀನಿ” ಎನ್ನುತ್ತಾನೆ. ಅಮೆರಿಕದಲ್ಲಿರುವ ಅಣ್ಣ ಫೋನಿನಲ್ಲಿ, “ಅದು ವಿಂಟೇಜ್ ಕಣೆ, ಹತ್ತು ಲಕ್ಷಕ್ಕೆ ಕಡಿಮೆ ಒಪ್ಪಬೇಡ” ಎನ್ನುತ್ತಾನೆ. ಜೆ.ಪಿ. ನಗರದಿಂದ ದಿನವೂ ಬಂದು ಮನೆ ಖಾಲಿ ಮಾಡಿಸುತ್ತಿರುವ ಮಗಳಿಗೆ ಯಾರ ಮಾತು ನಂಬುವುದೋ ತಿಳಿಯದು. ‘ಹೆತ್ತವರಿಗೆ ಹೆಗ್ಗಣ ಮುದ್ದು’ ಎಂಬ ಗಾದೆಯೂ, ‘ಹಿತ್ತಲ ಗಿಡ ಮದ್ದಲ್ಲ’ ಎಂಬ ಗಾದೆಯೂ ಇಲ್ಲಿ ಒಟ್ಟಿಗೇ ಸಲ್ಲುತ್ತವೆ.

ಇಬ್ಬರೂ ಕಾರಿನ ಬಾಗಿಲು ತೆರೆದು ನೋಡಿಲ್ಲ. ಬೆಲೆ ಇರುವುದು ಆ ಬಾಗಿಲಿನ ಕೆಳಗೆ.

ಮೂರು ರೂಪಾಯಿಯ ಕಾರು

ಮೊದಲು ಪುಸ್ತಕದ ಲೆಕ್ಕವನ್ನೇ ನೋಡೋಣ. ವಾಹನ ವಿಮೆಯ ಕೋಷ್ಟಕದಲ್ಲಿ ಹೊಸ ಕಾರು ಆರು ತಿಂಗಳೊಳಗೆ ಶೇ 5, ಒಂದು ವರ್ಷದೊಳಗೆ ಶೇ 15, ನಾಲ್ಕರಿಂದ ಐದು ವರ್ಷದ ನಡುವೆ ಶೇ 50ರಷ್ಟು ಬೆಲೆ ಕಳೆದುಕೊಳ್ಳುತ್ತದೆ. ಅಂದರೆ ಐದು ವರ್ಷಕ್ಕೆ ಅರ್ಧ. ಇದೇ ಗತಿ ಮುಂದುವರಿಯಿತೆಂದರೆ ಅರವತ್ತು ವರ್ಷಕ್ಕೆ ಹನ್ನೆರಡು ಸಲ ಅರ್ಧವಾಗಬೇಕು. ಎರಡನ್ನು ಹನ್ನೆರಡು ಸಲ ಗುಣಿಸಿದರೆ 4096. 1964ರಲ್ಲಿ 12 ಸಾವಿರ ರೂಪಾಯಿಗೆ ಕೊಂಡ ಫಿಯೆಟ್‌ನ ಬೆಲೆ 2024ಕ್ಕೆ ಮೂರು ರೂಪಾಯಿಗೂ ಕಡಿಮೆ!

ಆ ಬೆಲೆಗೆ ಅದರ ಹಾರನ್ನೂ ಸಿಗದು. ಕೋಷ್ಟಕ ಹೇಳುವುದು ಕಾರು ಕೇವಲ ಸವಾರಿಯ ಸಾಧನವಾಗಿದ್ದಾಗಿನ ಬೆಲೆ. ಎಲ್ಲರೂ ಅದನ್ನು ಗುಜರಿಗೆ ಹಾಕಿದ ಮೇಲೆ ಉಳಿದ ಕೆಲವೇ ಕಾರುಗಳಿಗೆ ಬೇರೊಂದು ಬೆಲೆ ಶುರುವಾಗುತ್ತದೆ. ವಿಮೆಯ ನಿಯಮಕ್ಕೂ ಇದು ಗೊತ್ತು. ಐದು ವರ್ಷ ದಾಟಿದ ವಾಹನದ ಮೌಲ್ಯವನ್ನು ಕಂಪನಿ ಮತ್ತು ಮಾಲೀಕ ಮಾತಾಡಿಕೊಂಡೇ ನಿಗದಿ ಮಾಡಬೇಕೆನ್ನುತ್ತದೆ ಅದು.

12 ಸಾವಿರದ ಆ ಅಂಕಿಗೂ ಒಂದು ಕಥೆಯಿದೆ. ಪ್ರಧಾನಿ ಲಾಲ್ ಬಹದ್ದೂರ್ ಶಾಸ್ತ್ರಿಯವರು 1964ರ ಮಾದರಿಯ ಫಿಯೆಟ್ ಕೊಳ್ಳಲು ಹೊರಟಾಗ ಅವರ ಬಳಿ 7 ಸಾವಿರ ಇತ್ತು. ಉಳಿದ 5 ಸಾವಿರವನ್ನು ಪಂಜಾಬ್ ನ್ಯಾಷನಲ್ ಬ್ಯಾಂಕಿನಿಂದ ಸಾಲ ಪಡೆದರು. 1966ರ ಜನವರಿಯಲ್ಲಿ ಅವರು ತಾಷ್ಕೆಂಟ್‌ನಲ್ಲಿ ತೀರಿಕೊಂಡಾಗ ಸಾಲ ಇನ್ನೂ ಬಾಕಿಯಿತ್ತು. ಪತ್ನಿ ಲಲಿತಾ ಅವರು ತಮ್ಮ ಪಿಂಚಣಿಯಿಂದ ಅದನ್ನು ತೀರಿಸಿದರು. ಆ ಕಾರು ದೆಹಲಿಯ ಶಾಸ್ತ್ರಿ ಸ್ಮಾರಕದಲ್ಲಿದೆ. ಜಯನಗರದ ಶೆಡ್ಡಿನ ಕಾರಿನಲ್ಲಿರುವುದೂ ಅದೇ ತಗಡು, ಅದೇ 1089 ಸಿಸಿ ಎಂಜಿನ್. ಅದಕ್ಕೆ ಬೆಲೆ ಕಟ್ಟಲಾಗದು, ಇದಕ್ಕೆ ಕಟ್ಟಬೇಕು. ಕಾರಿನ ಹಿಂದಿನ ಮನುಷ್ಯ ಯಾರು ಎಂಬುದೂ ಬೆಲೆಯ ಒಂದು ಭಾಗ.

ಯಾವ ಕಾರು, ಎಷ್ಟು ಅಪರೂಪ?

ಫಿಯೆಟ್ 1100 ಮಾದರಿಯನ್ನು ಮುಂಬೈನ ಪ್ರೀಮಿಯರ್ ಆಟೊಮೊಬೈಲ್ಸ್ 1950ರ ದಶಕದಿಂದ ತಯಾರಿಸಿತು. 1974ರಿಂದ ಅದೇ ಕಾರಿಗೆ ‘ಪದ್ಮಿನಿ’ ಎಂದು ಹೆಸರಾಯಿತು. 2001ರ ಹೊತ್ತಿಗೆ ತಯಾರಿಕೆ ನಿಂತಿತು. ಇಷ್ಟು ವರ್ಷ ಬಂದ ಕಾರು ಅಪರೂಪವೇನಲ್ಲ. ಆದರೆ ಮುಂದಿನ ಬಾಗಿಲು ಹಿಮ್ಮುಖವಾಗಿ ತೆರೆಯುತ್ತಿದ್ದ ಐವತ್ತರ ದಶಕದ ಫಿಯೆಟ್ ಸಿಕ್ಕಿದರೆ ಮಾತು ಬೇರೆ. ಅಂಬಾಸಡರ್‌ನದೂ ಹೀಗೆಯೇ. 1958ರ ಹೊತ್ತಿಗೆ ಬಂದ ಮೊದಲ ಮಾದರಿಗೂ, 2014ರಲ್ಲಿ ತಯಾರಿಕೆ ನಿಲ್ಲುವ ಕಾಲದ ಕಾರಿಗೂ ಹೆಸರು ಒಂದೇ, ಬೆಲೆ ಒಂದೇ ಅಲ್ಲ. ಮದರಾಸಿನಲ್ಲಿ ತಯಾರಾಗುತ್ತಿದ್ದ ಸ್ಟ್ಯಾಂಡರ್ಡ್ ಹೆರಾಲ್ಡ್ ಇವೆರಡಕ್ಕಿಂತ ಕಡಿಮೆ ಸಂಖ್ಯೆಯಲ್ಲಿ ಉಳಿದಿದೆ.

ಅಪರೂಪವೆಂದ ಮಾತ್ರಕ್ಕೆ ಬೆಲೆ ಬರುವುದಿಲ್ಲ ಎನ್ನುವುದಕ್ಕೆ ಬೆಂಗಳೂರಿನದೇ ಉದಾಹರಣೆಯಿದೆ. ಎಂಬತ್ತರ ದಶಕದಲ್ಲಿ ಇಲ್ಲಿಯ ಸಿಪಾನಿ ಆಟೊಮೊಬೈಲ್ಸ್ ‘ಡಾಲ್ಫಿನ್’ ಎಂಬ ಪುಟ್ಟ ಕಾರು ತಯಾರಿಸಿತು. ಇಂಗ್ಲೆಂಡಿನ ರಿಲಯಂಟ್ ಕಿಟನ್ ಕಾರಿನ ರೂಪ, ಫೈಬರ್‌ಗ್ಲಾಸ್ ಮೈ. ಮಾರುತಿಯ ಎದುರು ಅದು ನಿಲ್ಲಲಿಲ್ಲ. ಈಗ ಹುಡುಕಿದರೂ ಸಿಗುವುದು ಕಷ್ಟ. ಆದರೆ ಅದನ್ನು ಹುಡುಕುವವರೂ ಕೆಲವೇ ಮಂದಿ. ಕೊಳ್ಳುವವನು ಇದ್ದರಷ್ಟೇ ಅಪರೂಪಕ್ಕೆ ಬೆಲೆ.

ಅಯಸ್ಕಾಂತದ ಸಾಕ್ಷಿ

ಇನ್ನು ಕಾರಿನ ಮೈಗೆ ಬರೋಣ. ಹೈಸ್ಕೂಲಿನಲ್ಲಿ ಮೂರು ಪ್ರನಾಳಗಳಲ್ಲಿ ಮೊಳೆ ಹಾಕಿಟ್ಟ ಪ್ರಯೋಗ ನೆನಪಿರಬಹುದು. ನೀರು ಮತ್ತು ಗಾಳಿ ಎರಡೂ ತಗುಲಿದ ಮೊಳೆಗೆ ಮಾತ್ರ ತುಕ್ಕು. ಕುದಿಸಿದ ನೀರಿನ ಮೇಲೆ ಎಣ್ಣೆ ಹಾಕಿಟ್ಟದ್ದಕ್ಕಿಲ್ಲ, ಒಣ ಗಾಳಿಯಲ್ಲಿ ಇಟ್ಟದ್ದಕ್ಕೂ ಇಲ್ಲ. ನೀರಿನಲ್ಲಿ ಉಪ್ಪು ಸೇರಿದರೆ ತುಕ್ಕಿನ ವೇಗ ಹೆಚ್ಚುತ್ತದೆ. ಸಮುದ್ರ ಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿರುವ ಬೆಂಗಳೂರಿಗೆ ಉಪ್ಪುಗಾಳಿ ಬರುವುದಿಲ್ಲ. ಈ ವಿಷಯದಲ್ಲಿ ಜಯನಗರದ ಶೆಡ್ಡಿನ ಕಾರು ಮಂಗಳೂರಿನ ಶೆಡ್ಡಿನ ಕಾರಿಗಿಂತ ಅದೃಷ್ಟವಂತ. ಆದರೆ ಮಣ್ಣಿನ ನೆಲದ ಮೇಲೆ ನಿಲ್ಲಿಸಿ, ಮೇಲೆ ಪ್ಲಾಸ್ಟಿಕ್ ಹಾಳೆ ಬಿಗಿದಿದ್ದರೆ ಆ ಅದೃಷ್ಟವೂ ಕೈಕೊಡುತ್ತದೆ. ನೆಲದಿಂದ ಏಳುವ ತೇವ ಹೊರಹೋಗಲು ದಾರಿಯಿಲ್ಲದೆ ತಗಡಿನ ಅಡಿಯಲ್ಲೇ ಹನಿಗಟ್ಟುತ್ತದೆ.

ಮೇಲಿನ ಬಣ್ಣ ನೋಡಿ ಮೋಸ ಹೋಗಬಾರದು. ನೋಡಬೇಕಾದದ್ದು ಬಾಗಿಲ ಕೆಳಗಿನ ಪಟ್ಟಿ, ಕಾಲಿಡುವ ಚಾಪೆಯ ಅಡಿಯ ನೆಲ, ಡಿಕ್ಕಿಯಲ್ಲಿ ಸ್ಟೆಪ್ನಿ ಇಡುವ ಜಾಗ, ಚಕ್ರದ ಮೇಲಿನ ಕಮಾನು. ಫಿಯೆಟ್‌ಗೂ ಅಂಬಾಸಡರ್‌ಗೂ ಲಾರಿಯಂತೆ ಪ್ರತ್ಯೇಕ ಚಾಸಿ ಇಲ್ಲ, ಮೈಯೇ ಚಾಸಿ. ನೆಲ ಮತ್ತು ಪಟ್ಟಿ ತಿಂದುಹೋಗಿದ್ದರೆ ಬೆನ್ನುಮೂಳೆ ಹೋದಂತೆ. ಹೆರಾಲ್ಡ್‌ಗೆ ಬೇರೆ ಚಾಸಿ ಇರುವುದರಿಂದ ಅದರಲ್ಲಿ ಚಾಸಿಯನ್ನೇ ಮೊದಲು ನೋಡಬೇಕು.

ಒಂದು ಪುಟ್ಟ ಅಯಸ್ಕಾಂತವನ್ನು ತೆಳು ಬಟ್ಟೆಯಲ್ಲಿ ಸುತ್ತಿ ಮೈಮೇಲೆ ಅಲ್ಲಲ್ಲಿ ಇಟ್ಟು ನೋಡಬೇಕು. ತಗಡಿದ್ದಲ್ಲಿ ಗಟ್ಟಿಯಾಗಿ ಕೂರುತ್ತದೆ. ಹಿಂದೆಂದೋ ತೂತಿಗೆ ಪುಟ್ಟಿ ತುಂಬಿ ಬಣ್ಣ ಬಳಿದಿದ್ದಲ್ಲಿ ಜಾರಿ ಬೀಳುತ್ತದೆ. ಐದು ರೂಪಾಯಿಯ ಈ ಪರೀಕ್ಷೆ ಐವತ್ತು ಸಾವಿರ ಉಳಿಸಬಲ್ಲದು. ಡಾಲ್ಫಿನ್ ಮೇಲೆ ಮಾತ್ರ ಅಯಸ್ಕಾಂತ ಎಲ್ಲೂ ನಿಲ್ಲದು. ಅದು ಕಾರಿನ ತಪ್ಪಲ್ಲ.

ಮುಟ್ಟದಿರುವುದೇ ಲಾಭ

ಇಷ್ಟು ನೋಡುವ ಮೊದಲೇ ಬಹಳ ಮನೆಗಳಲ್ಲಿ ಎರಡು ತಪ್ಪುಗಳು ನಡೆದುಹೋಗಿರುತ್ತವೆ. ಒಂದು, ಒಣಬಟ್ಟೆಯಿಂದ ಧೂಳು ಒರೆಸುವುದು. ಧೂಳಿನಲ್ಲಿರುವ ಮರಳಿನ ಕಣಗಳು ಮೂಲ ಬಣ್ಣವನ್ನು ಉಪ್ಪುಕಾಗದದಂತೆ ಗೀಚುತ್ತವೆ. ಇನ್ನೊಂದು, ಹೊಸ ಬ್ಯಾಟರಿ ತಂದು ಕೀಲಿ ತಿರುಗಿಸುವುದು. ವರ್ಷಗಟ್ಟಲೆ ನಿಂತ ಎಂಜಿನ್‌ನಲ್ಲಿ ಪಿಸ್ಟನ್ ರಿಂಗುಗಳು ಸಿಲಿಂಡರಿಗೆ ಅಂಟಿರಬಹುದು. ಟ್ಯಾಂಕಿನ ಪೆಟ್ರೋಲ್ ಗೋಂದಿನಂತಾಗಿರುತ್ತದೆ. ಬಲವಂತವಾಗಿ ತಿರುಗಿಸಿದರೆ ಉಳಿದಿದ್ದ ಎಂಜಿನ್ ಕೂಡ ಹಾಳು. ತಿಳಿದ ಮೆಕ್ಯಾನಿಕ್ ಮೊದಲು ಪ್ಲಗ್ಗುಗಳನ್ನು ಬಿಚ್ಚಿ, ಒಳಗೆ ಸ್ವಲ್ಪ ಎಣ್ಣೆ ಬಿಟ್ಟು, ಕೆಲವು ದಿನ ಕಾದು, ಕೈಯಿಂದ ನಿಧಾನವಾಗಿ ತಿರುಗಿಸಿ ನೋಡುತ್ತಾನೆ. ಎಂಜಿನ್ ಸರಾಗವಾಗಿ ತಿರುಗಿತೆಂದರೆ ಅಲ್ಲಿಗೇ ಬೆಲೆ ಒಂದು ಮೆಟ್ಟಿಲು ಏರಿತು.

ಮೂಲ ಬಣ್ಣ, ಮೂಲ ಸೀಟಿನ ಹೊದಿಕೆ, ಕಾರ್ಖಾನೆಯಿಂದ ಬಂದ ಮೀಟರು, ಸ್ಟೀರಿಂಗ್ ಪಕ್ಕದ ಗೇರು – ಇವು ಹಳೆಯವಾಗಿದ್ದರೂ ಸರಿ, ಇರಬೇಕು. ಒಂದು ಕಾಲದಲ್ಲಿ ಫಿಯೆಟ್‌ಗೆ ನೆಲದ ಗೇರು ಹಾಕಿಸುವುದು, ಅಂಬಾಸಡರ್‌ಗೆ ಡೀಸೆಲ್ ಎಂಜಿನ್ ಕೂರಿಸುವುದು ಜಾಣತನವೆನಿಸಿತ್ತು. ಇಂದು ಅದೇ ಜಾಣತನ ಬೆಲೆ ಇಳಿಸುತ್ತದೆ. ಬಣ್ಣವನ್ನು ಎಷ್ಟು ಸಲ ಬೇಕಾದರೂ ಹೊಡೆಸಬಹುದು. ಕಾರ್ಖಾನೆಯ ಬಣ್ಣವನ್ನು ಮರಳಿ ತರಲಾಗದು.

ಹೊರದೇಶದ ಒಂದು ಘಟನೆ ಇದಕ್ಕೆ ಸಾಕ್ಷಿ. ಫ್ರಾನ್ಸಿನ ಹಳ್ಳಿಯೊಂದರ ಶೆಡ್ಡುಗಳಲ್ಲಿ ದಶಕಗಳ ಕಾಲ ನಿಂತಿದ್ದ ಸುಮಾರು 60 ಕಾರುಗಳನ್ನು 2015ರ ಫೆಬ್ರುವರಿಯಲ್ಲಿ ಪ್ಯಾರಿಸಿನಲ್ಲಿ ಹರಾಜು ಹಾಕಿದರು. ಹಳೆಯ ಪತ್ರಿಕೆಗಳ ರಾಶಿಯ ಅಡಿಯಲ್ಲಿ ಸಿಕ್ಕಿದ್ದ 1961ರ ಒಂದು ಫೆರಾರಿ, ಆ ಧೂಳು ಮೆತ್ತಿಕೊಂಡೇ, 1 ಕೋಟಿ 60 ಲಕ್ಷ ಯೂರೋಗೂ ಹೆಚ್ಚು ಬೆಲೆಗೆ ಹೋಯಿತು. ಅದು ಒಮ್ಮೆ ನಟ ಅಲೈನ್ ಡೆಲಾನ್ ಬಳಿಯಿತ್ತು. ಅದೇ ಶೆಡ್ಡಿನಲ್ಲಿ ಮಳೆ-ಬಿಸಿಲಿಗೆ ಕರಗಿಹೋಗಿದ್ದ ಕಾರುಗಳು ಅದರ ಸಣ್ಣದೊಂದು ಪಾಲಿಗೆ ಹೋದವು. ಫಿಯೆಟ್ ಫೆರಾರಿಯಲ್ಲ. ಆದರೆ ಕೊಳ್ಳುವವರು ನೋಡಿದ್ದು ಯಾವ ಕಾರು, ಯಾರದು, ಎಷ್ಟು ಉಳಿದಿದೆ ಎಂಬ ಮೂರನ್ನೇ.

ಕಾಗದವೂ ಕಾರಿನ ಭಾಗ

ಡ್ರಾಯರಿನಲ್ಲಿರುವ ಆರ್‌ಸಿ ಪುಸ್ತಕವನ್ನು ಹಳೆಯ ಬಿಲ್ಲುಗಳ ಜೊತೆ ಸುಟ್ಟುಬಿಟ್ಟರೆ ಬೆಲೆಯ ದೊಡ್ಡ ಭಾಗ ಹೊಗೆಯಾಯಿತೆಂದೇ ತಿಳಿಯಬೇಕು. ಆರ್‌ಸಿಯಲ್ಲಿರುವ ಎಂಜಿನ್ ಮತ್ತು ಚಾಸಿ ಸಂಖ್ಯೆಗಳು ಕಾರಿನ ಮೇಲೆ ಕೊರೆದ ಸಂಖ್ಯೆಗಳಿಗೆ ತಾಳೆಯಾಗಬೇಕು. ಯಜಮಾನರು ತೀರಿಕೊಂಡಿದ್ದರೆ ಮೊದಲು ಆರ್‌ಟಿಒ ಕಚೇರಿಯಲ್ಲಿ ಫಾರಂ 31ರ ಮೂಲಕ ವಾರಸುದಾರರ ಹೆಸರಿಗೆ ಮಾಡಿಸಿಕೊಳ್ಳಬೇಕು.

ಕೇಂದ್ರ ಸರ್ಕಾರ 2021ರ ಜುಲೈನಲ್ಲಿ ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿ ತಂದು, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ವಾಹನಗಳನ್ನು ‘ವಿಂಟೇಜ್’ ಎಂದು ನೋಂದಾಯಿಸಲು ಅವಕಾಶ ಕೊಟ್ಟಿದೆ. ಹೊಸ ನೋಂದಣಿಗೆ 20 ಸಾವಿರ ರೂಪಾಯಿ ಶುಲ್ಕ, ಹತ್ತು ವರ್ಷದ ಅವಧಿ. ನಂತರ ಮರುನೋಂದಣಿಗೆ 5 ಸಾವಿರ. ಮೊದಲೇ ನೋಂದಣಿಯಾಗಿರುವ ಕಾರು ತನ್ನ ಹಳೆಯ ಸಂಖ್ಯೆಯನ್ನು ಉಳಿಸಿಕೊಳ್ಳಬಹುದು. ಮೈಸೂರು ರಾಜ್ಯದ ಕಾಲದ ‘ಎಂವೈ’ ಫಲಕಕ್ಕೆ ಅದರದೇ ಆದ ಘನತೆಯಿದೆ. ಇಂಥ ಕಾರಿನಲ್ಲಿ ದಿನವೂ ಆಫೀಸಿಗೆ ಹೋಗುವಂತಿಲ್ಲ. ಪ್ರದರ್ಶನ, ರ್‍ಯಾಲಿ, ಪೆಟ್ರೋಲ್, ರಿಪೇರಿ ಮುಂತಾದ್ದಕ್ಕಷ್ಟೇ ಹೊರತೆಗೆಯಬಹುದು. ಮುಖ್ಯ ಷರತ್ತೆಂದರೆ ಚಾಸಿ, ಮೈ, ಎಂಜಿನ್‌ಗಳಲ್ಲಿ ದೊಡ್ಡ ಮಾರ್ಪಾಡು ಆಗಿರಕೂಡದು. ಮುಟ್ಟದ ಕಾರಿಗೆ ಕಾನೂನೂ ಬೆಲೆ ಕೊಟ್ಟಿದೆ.

ಸರಳ ಲೆಕ್ಕ

ಇನ್ನು ಅಂಕಿ ಹಾಕೋಣ. ಚೆನ್ನಾಗಿ ರಿಪೇರಿಯಾದ ಇದೇ ಮಾದರಿಯ ಕಾರು ನಿಜವಾಗಿ ಮಾರಾಟವಾದ ಬೆಲೆಯಿಂದ ರಿಪೇರಿಯ ಖರ್ಚನ್ನೂ, ಕೊಳ್ಳುವವನ ಅಪಾಯದ ಪಾಲನ್ನೂ ಕಳೆದರೆ ಉಳಿಯುವುದೇ ಶೆಡ್ಡಿನ ಕಾರಿನ ಬೆಲೆ. ಜಾಹೀರಾತಿನಲ್ಲಿ ಕೇಳುವ ಬೆಲೆ ಲೆಕ್ಕಕ್ಕಿಲ್ಲ. ಕೈಬದಲಾದ ಬೆಲೆಯಷ್ಟೇ ಲೆಕ್ಕ.

ಉದಾಹರಣೆಗಾಗಿ ಮಾತ್ರ, ರಿಪೇರಿಯಾದ ಕಾರಿಗೆ 6 ಲಕ್ಷ ಎಂದಿಟ್ಟುಕೊಳ್ಳೋಣ. ನೆಲ ಗಟ್ಟಿಯಿದ್ದು ಟಿಂಕರಿಂಗ್ ಕಡಿಮೆಯಿದ್ದರೆ ಖರ್ಚು 2 ಲಕ್ಷ, ಅಪಾಯಕ್ಕೆ 60 ಸಾವಿರ. ಶೆಡ್ಡಿನ ಕಾರಿಗೆ 3 ಲಕ್ಷ 40 ಸಾವಿರ. ನೆಲವೆಲ್ಲ ತುಕ್ಕಾಗಿದ್ದು ಖರ್ಚು ನಾಲ್ಕೂವರೆ ಲಕ್ಷವಾದರೆ ಉಳಿಯುವುದು 90 ಸಾವಿರ. ಮಾದರಿ ಒಂದೇ, ವರ್ಷ ಒಂದೇ; ಎರಡೂವರೆ ಲಕ್ಷದ ಅಂತರವೆಲ್ಲ ಚಾಪೆಯ ಅಡಿಯದು. ಖರ್ಚು 6 ಲಕ್ಷ ದಾಟಿತೋ, ಮೂಗಿಗಿಂತ ಮೂಗುತಿ ಭಾರ. ಆಗ ಬಿಡಿಭಾಗಗಳ ಬೆಲೆಯಷ್ಟೇ: ಗ್ರಿಲ್ಲು, ಬಂಪರು, ಗಾಜು, ಮೀಟರು. ಅದಕ್ಕೂ ಕೆಳಗೆ ಗುಜರಿಯ ಬೆಲೆ. ಏಳುನೂರು ಕಿಲೋ ಲೋಹವನ್ನು ಕಿಲೋಗೆ 30 ರೂಪಾಯಿಯಂತೆ ಹಿಡಿದರೆ 21 ಸಾವಿರ.

ಗುಜರಿಯವನು ಸುಳ್ಳು ಹೇಳಿರಲಿಲ್ಲ. ಅವನು ಹೇಳಿದ್ದು ತಳದ ಬೆಲೆ. ಅಣ್ಣ ಹೇಳಿದ್ದು ರಿಪೇರಿ ಮುಗಿದು, ಹೊಳಪು ಬಂದು, ಪ್ರದರ್ಶನದಲ್ಲಿ ನಿಂತ ಕಾರಿನ ಕನಸು. ಶೆಡ್ಡಿನಲ್ಲಿರುವ ಕಾರು ಇವೆರಡರ ನಡುವೆ ಎಲ್ಲೋ ಇದೆ.

ಮಗಳಿಗಿರುವ ಮೂರು ವಾರ ಇದಕ್ಕೆ ಸಾಕು. ಕಾರನ್ನು ತೊಳೆಯದೆ, ಇದ್ದಂತೆಯೇ ಒಳಗೂ ಹೊರಗೂ ಫೋಟೋ ತೆಗೆಸುವುದು. ಸಂಖ್ಯೆಗಳನ್ನು ತಾಳೆ ನೋಡುವುದು. ಕೊಳ್ಳುವ ಆಸೆಯಿಲ್ಲದ ಮೆಕ್ಯಾನಿಕ್ ಒಬ್ಬರಿಂದ, ಹಳೆ ಕಾರುಗಳ ಕ್ಲಬ್ಬಿನವರಿಂದ, ವಿಮಾ ಸರ್ವೇಯರ್ ಒಬ್ಬರಿಂದ ಬೇರೆಬೇರೆಯಾಗಿ ಅಭಿಪ್ರಾಯ ಬರೆಸಿಕೊಳ್ಳುವುದು. ಕೊಳ್ಳಲು ಬಂದವನೇ ಬೆಲೆ ಕಟ್ಟುವವನೂ ಆಗಬಾರದು. ಕೊನೆಗೆ ಗುಜರಿಗೇ ಹೋಗುವುದಾದರೂ 14 ದಿನಗಳೊಳಗೆ ಆರ್‌ಟಿಒಗೆ ತಿಳಿಸಿ ನೋಂದಣಿ ರದ್ದು ಮಾಡಿಸಬೇಕು. ಇಲ್ಲವಾದರೆ ಕಾರು ಕರಗಿದ ಮೇಲೂ ಅಪ್ಪನ ಹೆಸರಿನ ಸಂಖ್ಯೆ ಇನ್ನಾರದೋ ಗಾಡಿಯ ಮೇಲೆ ಓಡಾಡೀತು.

ಮಾರದೆ ಇಟ್ಟುಕೊಳ್ಳುವೆನೆಂದರೆ ಅದೂ ಒಂದು ಉತ್ತರವೇ. ಅಪ್ಪ ಕಂತು ಕಟ್ಟಿ ಕೊಂಡ, ಮಕ್ಕಳನ್ನು ಶಾಲೆಗೆ ಬಿಟ್ಟ ಕಾರಿಗೆ ಮನೆಯವರು ಕೊಡುವ ಬೆಲೆ ಯಾವ ಸೂತ್ರಕ್ಕೂ ಸಿಗದು. ಆದರೆ ಅದಕ್ಕಾಗಿ ಎಷ್ಟು ಹಣ ಬಿಟ್ಟುಕೊಡುತ್ತಿದ್ದೇವೆಂದು ತಿಳಿದು ಇಟ್ಟುಕೊಳ್ಳುವುದು ಒಳ್ಳೆಯದು. ಬಾಗಿಲು ತೆರೆದು, ಚಾಪೆ ಎತ್ತಿ, ಅಯಸ್ಕಾಂತ ಹಿಡಿದು ನೋಡಲು ಅರ್ಧ ದಿನ ಸಾಕು. ಧೂಳು ಒರೆಸುವುದಕ್ಕೆ ಆಮೇಲೆ ಬೇಕಾದಷ್ಟು ಸಮಯವಿದೆ.