ಕೊಕ್ಕೆಂ ಮಾಮಾ

ಪತ್ತಿಕೊಂಡದ ಟೊಮೇಟೊ ಮಾರ್ಕೆಟ್ಟಿನಲ್ಲಿ ನಮ್ಮ ಭಾವನವರನ್ನು ಹುಡುಗರು ಕರೆಯುವುದು ‘ಕೊಕ್ಕೆಂ ಮಾಮಾ’ ಅಂತ. ತೆಲುಗಿನ ಕೊಕ್ಕೆಂ, ನಮ್ಮ ಕೊಕ್ಕೆ. ಶೇಂಗಾ ಬಿಡಿಸೋ ಮಿಷನ್ನಿಗೆ ಸಿಕ್ಕಿ ಬಲಗೈ ಹೋಯಿತು. ‘ಮೊಣಕೈ ಉಳಿದಿದೆಯಲ್ಲ, ಪುಣ್ಯ’ ಅಂದರು ಡಾಕ್ಟರು. ಅದರ ಬೆಲೆ ನಮಗೆ ಆಗ ತಿಳಿಯಲಿಲ್ಲ.

ಮೊದಲು ತಂದದ್ದು ಬ್ಯಾಟರಿ ಕೈ, ಅಕ್ಕನ ಸರ ಅಡವಿಟ್ಟು. ಉಳಿದ ತೋಳಿನ ಸ್ನಾಯು ಬಿಗಿ ಮಾಡಿದರೆ ಚರ್ಮದ ಮೇಲೆ ಸಣ್ಣ ವಿದ್ಯುತ್ ಹುಟ್ಟುತ್ತದೆ. ಅದನ್ನು ಗುರುತಿಸಿ ಮೋಟಾರು ಬೆರಳು ಮಡಿಸುತ್ತದೆ. ನೋಡಲು ಚೆಂದ, ಸುಳ್ಳು ಹೇಳಬಾರದು. ಆದರೆ ನಮ್ಮ ಸೀಮೆಯ ಬಿಸಿಲಿಗೆ ತೋಳು ಬೆವೆತರೆ ಅದು ಹೇಳಿದ ಮಾತು ಕೇಳದು. ಒಮ್ಮೆ ತುಂಬಿದ ಬಾಕ್ಸು ಕಾಲ ಮೇಲೇ ಬಿತ್ತು. ಮಣ್ಣು ಹೊಕ್ಕರೆ ರಿಪೇರಿಗೆ ಬೆಂಗಳೂರು.

‘ಚಾರ್ಜು ಮುಗಿದ ಕೈ ಕಟ್ಕೊಂಡು ಏನ್ ಬೇಸಾಯ ಮಾಡ್ಲಪ್ಪಾ?’ ಅಂದರು ಭಾವ.

ಆಮೇಲೆ ಬಂತು ಕೊಕ್ಕೆ. ಎದುರು ಭುಜಕ್ಕೊಂದು ಪಟ್ಟಿ, ಅದರಿಂದ ಸೈಕಲ್ ಬ್ರೇಕಿನಂಥ ತಂತಿ. ತೋಳು ಮುಂದೆ ಚಾಚಿದರೆ ಕೊಕ್ಕೆ ಬಾಯಿ ತೆರೆಯುತ್ತದೆ, ಹಿಂದೆ ತಂದರೆ ರಬ್ಬರು ಮುಚ್ಚುತ್ತದೆ. 1912ರಲ್ಲಿ ಅಮೆರಿಕದ ಡೋರೆನ್ಸ್ ಪೇಟೆಂಟ್ ಪಡೆದ ಉಪಾಯ. ಆತನೂ ಮರ ಕೊಯ್ಯುವ ಮಿಲ್ಲಿನಲ್ಲಿ ಕೈ ಕಳೆದುಕೊಂಡವನೇ. ತಂತಿಯ ಎಳೆತ ಭುಜಕ್ಕೆ ತಿಳಿಯುವುದರಿಂದ ಎಷ್ಟು ತೆರೆದಿದೆ ಎಂದು ನೋಡಬೇಕಿಲ್ಲ. 2016ರಲ್ಲಿ ಜ್ಯೂರಿಕ್‌ನಲ್ಲಿ ಕೃತಕ ಅಂಗದವರಿಗಾಗಿ ಸೈಬಥ್ಲಾನ್ ಸ್ಪರ್ಧೆ ನಡೆದಾಗ, ಕೈಗಳ ವಿಭಾಗದಲ್ಲಿ ಗೆದ್ದ ರಾಬರ್ಟ್ ರಡೋಸಿ ಕಟ್ಟಿಕೊಂಡಿದ್ದೂ ಇಂಥ ತಂತಿಯ ಕೈ. ಮೋಟಾರಿನವರು ಹಿಂದೆ ಬಿದ್ದರು.

ಇದಕ್ಕಿಂತ ಸರಳವಾದದ್ದೂ ಉಂಟು. ಕ್ಯಾಲಿಫೋರ್ನಿಯಾದ ಅರ್ನಿ ಮೆಡೋಸ್ ತೀರಿಹೋದ ಮಗಳು ಎಲೆನ್ ನೆನಪಿಗೆ ರೂಪಿಸಿದ ಎಲ್‌ಎನ್-4 ಎಂಬ ಪ್ಲಾಸ್ಟಿಕ್ ಕೈ. ರೋಟರಿ ಕ್ಲಬ್ಬುಗಳು ಶಿಬಿರ ಮಾಡಿ ಬಿಟ್ಟಿ ಹಂಚಿವೆ. ಬ್ಯಾಟರಿ ಇಲ್ಲ, ಇನ್ನೊಂದು ಕೈಯಿಂದ ಬೆರಳು ಒತ್ತಿದರೆ ಕಚ್ಚಿ ನಿಲ್ಲುತ್ತದೆ. ಅದಕ್ಕೂ ಮೊಣಕೈ ಕೆಳಗೆ ಒಂದಿಷ್ಟು ತೋಳು ಬೇಕು.

ಕೊಕ್ಕೆಗೂ ಕಾಟ ಇಲ್ಲದಿಲ್ಲ. ಬೇಸಿಗೆಯಲ್ಲಿ ಪಟ್ಟಿ ಉಜ್ಜಿ ಕಂಕುಳು ಹುಣ್ಣಾಗುತ್ತದೆ. ಹಣ್ಣಾದ ಟೊಮೇಟೊ ಮುಟ್ಟಿದರೆ ಸೀಳುತ್ತದೆ, ಅದಕ್ಕೆ ಎಡಗೈಯೇ ಆಗಬೇಕು. ಎಲ್ಲಕ್ಕಿಂತ ಹೆಚ್ಚಾಗಿ, ಹೊಸಬರು ಮೊದಲು ನೋಡುವುದು ಮುಖವನ್ನಲ್ಲ.

ಹೋದ ವರ್ಷ ಆದವಾನಿಯಲ್ಲಿ ಮಗಳ ಮದುವೆ. ‘ಅಪ್ಪಾ, ಅವತ್ತೊಂದಿನ ಬೆರಳಿರೋ ಕೈ ಹಾಕ್ಕೊ’ ಅಂದಳು ಹುಡುಗಿ. ರಾತ್ರಿಯೆಲ್ಲ ಚಾರ್ಜಿಗಿಟ್ಟು ಹಾಕಿಕೊಂಡರು. ಮರುದಿನ ಬೆಳಗ್ಗೆ ಕೊಕ್ಕೆ ಕಟ್ಟಿಕೊಂಡು ಮಾರ್ಕೆಟ್ಟಿಗೆ ಹೋದರು. ಬ್ಯಾಟರಿ ಕೈ ಬೀರುವಿನಲ್ಲಿದೆ. ಅಕ್ಕನ ಸರ ಇನ್ನೂ ಬಿಡಿಸಿಲ್ಲ.