ಜೊತೆಗೆ ಯಾರಿದ್ದಾರೆ?

ಕಳೆದ ಮಳೆಗಾಲದಲ್ಲಿ ಗಿಂಡಿ ರೈಲು ನಿಲ್ದಾಣದ ಬಳಿ ಮಲಗಿದ್ದ ವೃದ್ಧರೊಬ್ಬರನ್ನು ಯಾರೋ ಪುಣ್ಯಾತ್ಮರು ಆಸ್ಪತ್ರೆಗೆ ಸೇರಿಸಿದರು. ಸಕ್ಕರೆ ಕಾಯಿಲೆಯಿಂದ ಕಾಲು ಹುಣ್ಣಾಗಿತ್ತು. ಅವರಾಡುವುದು ಕನ್ನಡವೆಂದು ತಿಳಿದು ನಮಗೆ ಹೇಳಿಕಳುಹಿಸಿದರು. ಬಾಗಿಲಲ್ಲೇ ಎದುರಾದ ಪ್ರಶ್ನೆ: "ಪೇಷಂಟ್ ಜೊತೆಗೆ ಯಾರಿದ್ದಾರೆ?" ಯಾರೂ ಇರಲಿಲ್ಲ. ಚೀಟಿ ಮಾಡಿಸಲು, ಔಷಧ ತರಲು, ಪರೀಕ್ಷೆಗೆ ಕರೆದೊಯ್ಯಲು ಮನೆಯವರು ಇದ್ದೇ ಇರುತ್ತಾರೆಂದು ನಂಬಿ ನಡೆಯುವ ನಮ್ಮ ಆಸ್ಪತ್ರೆಗಳಲ್ಲಿ ಒಂಟಿತನವೇ ಇನ್ನೊಂದು ರೋಗ.

ಮನೆಗೆ ಕಳುಹಿಸುವ ದಿನ ವೈದ್ಯ ವಿದ್ಯಾರ್ಥಿನಿಯೊಬ್ಬಳು ತಮಿಳಿನಲ್ಲಿ ಹೇಳಿದ್ದನ್ನು ನಾವು ಕನ್ನಡದಲ್ಲಿ ಹೇಳಿದೆವು: ಊಟದ ನಂತರ ಮಾತ್ರೆ, ಕಾಲು ನೆನೆಯಕೂಡದು, ವಾರ ಬಿಟ್ಟು ಬರಬೇಕು. ರಾಯಚೂರು ಕಡೆಯ ಆ ಹಿರಿಯರು ಕೈಮುಗಿದು ಕೇಳಿದರು: "ಊಟಾದ ಮ್ಯಾಲ ಅಂದ್ರ, ಯಾವ ಊಟಾದ ಮ್ಯಾಲ ಯವ್ವಾ?"

ಆ ಮಾತನ್ನು ತಮಿಳಿಗೆ ತಿರುಗಿಸುವಾಗ ನಮ್ಮ ಗಂಟಲು ಕಟ್ಟಿತು. ಹುಡುಗಿ ಕ್ಷಣ ಸುಮ್ಮನಿದ್ದು, ಚೀಟಿಯನ್ನು ಹಿಂದಕ್ಕೆ ಪಡೆದು, ಹಿರಿಯ ವೈದ್ಯರಲ್ಲಿಗೆ ಹೋದಳು. ಹುಣ್ಣು ಒಣಗುವವರೆಗೆ ಹಾಸಿಗೆ ಉಳಿಯಿತು. ಆಮೇಲೆ ಆಶ್ರಯಧಾಮವೊಂದರಲ್ಲಿ ಸ್ಥಳವೂ ದೊರೆಯಿತು. ಆಕೆ ಮಾಡಿದ್ದು ಚಿಕಿತ್ಸೆಯಲ್ಲ, ವಕಾಲತ್ತು. ಆದರೂ ಕಾಲನ್ನು ಉಳಿಸಿದ್ದು ಅದೇ.

ಇದನ್ನು ಕಲಿಸಬಹುದೇ? ಕಲಿಸಲೇಬೇಕೆಂದು ನಾವು ಹೇಳುತ್ತೇವೆ. ತಮಿಳುನಾಡಿನ ಸರ್ಕಾರಿ ವೈದ್ಯ ಕಾಲೇಜುಗಳ ಮಕ್ಕಳಿಗೆ ಪದವಿ ಕೊಡುವ ಡಾ. ಎಂ.ಜಿ.ಆರ್. ವೈದ್ಯಕೀಯ ವಿಶ್ವವಿದ್ಯಾಲಯ ಇರುವುದು ನಮ್ಮ ಗಿಂಡಿಯಲ್ಲೇ. 2019ರಲ್ಲಿ ದೇಶದಾದ್ಯಂತ ಬಂದ ಹೊಸ ಪಠ್ಯಕ್ರಮದಲ್ಲಿ ವೈದ್ಯನ ನಡತೆ, ನೀತಿ, ಮಾತುಕತೆಗಳೂ ಪಾಠಗಳಾಗಿವೆ. ಆರೋಗ್ಯವು ಹಕ್ಕೆಂಬ ವಿಚಾರವೂ ಅಲ್ಲಿದೆ. 2022ರಿಂದ ವಿದ್ಯಾರ್ಥಿಗಳು ಹಳ್ಳಿಯ ಕುಟುಂಬಗಳನ್ನು ದತ್ತು ಪಡೆದು ಅವುಗಳ ಆರೋಗ್ಯವನ್ನು ನೋಡಿಕೊಳ್ಳುವ ಏರ್ಪಾಡೂ ಬಂದಿದೆ. ಬಹಳ ಒಳ್ಳೆಯದು. ಆದರೆ ತಟ್ಟಲು ಬಾಗಿಲೇ ಇಲ್ಲದವನನ್ನು ದತ್ತು ಪಡೆಯುವವರು ಯಾರು?

ಇಂಥವರ ಪರ ನಿಲ್ಲುವವರಿಗೆ ಕಾನೂನಿನ ಬೆಂಬಲವುಂಟು. ಜೀವ ಉಳಿಸುವುದು ಮೊದಲು, ಉಳಿದ ವಿಧಿಗಳು ಆಮೇಲೆ ಎಂದು ಸುಪ್ರೀಂ ಕೋರ್ಟು 1989ರಲ್ಲೇ ಹೇಳಿತು. 1992ರಲ್ಲಿ ಬಂಗಾಳದಲ್ಲಿ ರೈಲಿನಿಂದ ಬಿದ್ದ ಬಡ ಕೂಲಿಯೊಬ್ಬನನ್ನು ಹಲವು ಸರ್ಕಾರಿ ಆಸ್ಪತ್ರೆಗಳು ಹಾಸಿಗೆಯಿಲ್ಲವೆಂದು ಹಿಂದಕ್ಕೆ ಕಳುಹಿಸಿದ್ದುವು. ತುರ್ತು ಚಿಕಿತ್ಸೆ ಕೊಡದಿರುವುದು ಬದುಕುವ ಹಕ್ಕಿಗೆ ಭಂಗವೆಂದು 1996ರಲ್ಲಿ ತೀರ್ಪಾಯಿತು. ಮನೆಯಿಲ್ಲದ ಮನೋರೋಗಿಗಳಿಗೆ ಉಚಿತ ಚಿಕಿತ್ಸೆಯ ಹಕ್ಕನ್ನು 2017ರ ಮಾನಸಿಕ ಆರೋಗ್ಯ ಕಾಯಿದೆ ಕೊಟ್ಟಿದೆ. ಇವನ್ನು ಬಲ್ಲ ವಿದ್ಯಾರ್ಥಿ ಧೈರ್ಯವಾಗಿ ಮಾತನಾಡಬಲ್ಲ.

ಇದೇ ಚೆನ್ನೈಯಲ್ಲಿ 1993ರಲ್ಲಿ ವಂದನಾ ಗೋಪಿಕುಮಾರ್, ವೈಷ್ಣವಿ ಜಯಕುಮಾರ್ ಎಂಬ ಇಬ್ಬರು ಯುವತಿಯರು ಬೀದಿಪಾಲಾದ ಮನೋರೋಗಿ ಸ್ತ್ರೀಯರಿಗಾಗಿ 'ದಿ ಬ್ಯಾನಿಯನ್' ಸಂಸ್ಥೆಯನ್ನು ಕಟ್ಟಿದರು. ಇಬ್ಬರೂ ವೈದ್ಯರಾಗಿರಲಿಲ್ಲ. ಕಂಡೂ ಕಾಣದಂತೆ ಹೋಗಲಾರದ ಮನಸ್ಸೇ ಅವರ ಮೂಲಧನ.

ನಮ್ಮಲ್ಲಿ ಹಲವರ ಮಕ್ಕಳು ವೈದ್ಯ ಕಾಲೇಜುಗಳಲ್ಲಿದ್ದಾರೆ. ರಜೆಗೆ ಬಂದಾಗ ಅಂಕಗಳ ಜೊತೆಗೆ ಇದನ್ನೂ ಕೇಳೋಣ: "ನಿನ್ನ ವಾರ್ಡಿನಲ್ಲಿ ಯಾರೂ ಇಲ್ಲದವರು ಯಾರಿದ್ದಾರೆ? ಅವರು ರಾತ್ರಿ ಎಲ್ಲಿ ಮಲಗುತ್ತಾರೆ, ಏನು ಉಣ್ಣುತ್ತಾರೆಂದು ಕೇಳಿದೆಯಾ?" ಊಟ ಎಲ್ಲಿ ಅಗ್ಗವಾಗಿ ದೊರೆಯುತ್ತದೆ, ನಗರಸಭೆಯ ರಾತ್ರಿ ತಂಗುದಾಣ ಎಲ್ಲಿದೆ ಎಂಬುದನ್ನು ಔಷಧದ ಹೆಸರಿನಷ್ಟೇ ಚೆನ್ನಾಗಿ ಅವರು ತಿಳಿದಿರಲಿ.

ಇನ್ನೊಂದು ಮಾತು. ಮನೆಯಲ್ಲಿ ಮಕ್ಕಳೊಡನೆ ಕನ್ನಡವಾಡುವುದನ್ನು ಬಿಡಬೇಡಿ. ಊರು ಬಿಟ್ಟು ಬಂದು ಕಂಗೆಟ್ಟ ಒಬ್ಬರಿಗೆ ಮುಂದೊಂದು ದಿನ ಆ ಭಾಷೆಯೇ ಜೊತೆಯಾದೀತು.