ನೊಂದ ಊರನ್ನು ನೋಡುವ ಬಗೆ

ಪ್ರವಾಸ ಎಂದರೆ ಮನಸ್ಸಿನ ಸಂತೋಷಕ್ಕಾಗಿ ಕೈಗೊಳ್ಳುವುದು ಎಂಬುದು ಸಾಮಾನ್ಯ ತಿಳಿವಳಿಕೆ. ಜಲಪಾತ, ಕಡಲ ದಂಡೆ, ಗುಡ್ಡ, ಗುಡಿ ಇವೇ ಪ್ರವಾಸಿಗರ ಪಟ್ಟಿಯಲ್ಲಿ ಮೊದಲು ಬರುವ ಹೆಸರುಗಳು. ಆದರೆ ಬೆನ್ನಿಗೊಂದು ಚೀಲ ಏರಿಸಿಕೊಂಡು, ಅಗ್ಗದ ವಸತಿಗಳಲ್ಲಿ ತಂಗುತ್ತ ದೇಶ ಸುತ್ತುವ ಜಗತ್ತಿನ ತರುಣ ತರುಣಿಯರು ಈಗ ಹುಡುಕಿಕೊಂಡು ಹೋಗುವ ಸ್ಥಳಗಳಲ್ಲಿ ಸಾವಿನ ಮನೆಗಳೂ ಇವೆ. ಕಾಂಬೋಡಿಯಾದ ರಾಜಧಾನಿ ನೋಮ್ ಪೆನ್ ಅಂಥ ಒಂದು ನಗರ.

1975ರ ಏಪ್ರಿಲ್ 17ರಂದು ಪೋಲ್ ಪಾಟ್ ನೇತೃತ್ವದ ಖ್ಮೇರ್ ರೂಜ್ ಪಡೆ ಆ ನಗರವನ್ನು ಹೊಕ್ಕಿತು. ನಿರಾಶ್ರಿತರೂ ಸೇರಿ ಸುಮಾರು 20 ಲಕ್ಷ ಜನರಿದ್ದ ರಾಜಧಾನಿಯನ್ನು ಕೆಲವೇ ದಿನಗಳಲ್ಲಿ ಖಾಲಿ ಮಾಡಿಸಲಾಯಿತು. ಆಸ್ಪತ್ರೆಯ ರೋಗಿಗಳನ್ನೂ ಬಿಡಲಿಲ್ಲ. 1979ರ ಜನವರಿ 7ರಂದು ವಿಯೆಟ್ನಾಂ ಸೈನ್ಯ ನಗರವನ್ನು ಹಿಡಿಯುವಷ್ಟರಲ್ಲಿ ಹಸಿವು, ರೋಗ, ದುಡಿತ ಮತ್ತು ಕೊಲೆಗಳಿಂದ ದೇಶದಲ್ಲಿ 17 ಲಕ್ಷದಿಂದ 20 ಲಕ್ಷದಷ್ಟು ಜನ ಸತ್ತಿದ್ದರೆಂದು ಅಂದಾಜು. ತುವೋಲ್ ಸ್ಲೆಂಗ್ ಎಂಬಲ್ಲಿನ ಒಂದು ಹೈಸ್ಕೂಲು ಚಿತ್ರಹಿಂಸೆಯ ಸೆರೆಮನೆಯಾಗಿತ್ತು. ಅದೇ ಕಟ್ಟಡ ಇಂದು ವಸ್ತುಸಂಗ್ರಹಾಲಯ. ಕೈದಿಗಳನ್ನು ಒಳಗೆ ತಂದಾಗ ಕಾವಲುಗಾರರೇ ತೆಗೆದ ಭಾವಚಿತ್ರಗಳು ಗೋಡೆಯುದ್ದಕ್ಕೂ ಇವೆ. ನಗರದ ಹೊರಗಿನ ಚೋಯಂಗ್ ಎಕ್‌ನಲ್ಲಿ ಸತ್ತವರ ತಲೆಬುರುಡೆಗಳನ್ನು ಗಾಜಿನ ಸ್ತೂಪದೊಳಗೆ ಜೋಡಿಸಿಟ್ಟಿದ್ದಾರೆ. 2025ರಲ್ಲಿ ಈ ಸ್ಥಳಗಳು ಯುನೆಸ್ಕೊದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು.

ಬೆಳಿಗ್ಗೆ ತಲೆಬುರುಡೆ ನೋಡಿ, ಸಂಜೆ ನದಿ ದಂಡೆಯ ಹೋಟೆಲಿನಲ್ಲಿ ನಕ್ಕು ನಲಿಯುವ ಪ್ರವಾಸಿಗನನ್ನು ಟೀಕಿಸುವುದು ಸುಲಭ. ಆದರೆ ಅವನು ಅಲ್ಲಿಗೆ ಹೋಗದೇ ಇದ್ದರೆ ಒಳ್ಳೆಯದಿತ್ತು ಎಂದು ಕಾಂಬೋಡಿಯಾದವರೂ ಹೇಳಲಾರರು. ಹೋಗಬೇಕೋ ಬೇಡವೋ ಎಂಬುದು ಇಲ್ಲಿ ಮುಖ್ಯ ಪ್ರಶ್ನೆಯಲ್ಲ. ನೊಂದ ಊರು ತನ್ನ ನೋವನ್ನು ಹೇಗೆ ಉಳಿಸಿಕೊಂಡಿದೆ, ಬಂದವನು ಅದನ್ನು ಹೇಗೆ ನೋಡಬೇಕು ಎಂಬುದೇ ಮುಖ್ಯ. ಈ ಪ್ರಶ್ನೆಗೆ ಉತ್ತರ ಹುಡುಕಲು ನೋಮ್ ಪೆನ್‌ವರೆಗೆ ಹೋಗಬೇಕಾಗಿಲ್ಲ. ರಾಣೆಬೆನ್ನೂರು, ಬ್ಯಾಡಗಿ, ಹಾವೇರಿ ಎಂದು ಒಂದರ ಹಿಂದೊಂದು ಬರುವ ರೈಲು ನಿಲ್ದಾಣಗಳ ಆಸುಪಾಸಿನಲ್ಲೇ ಅದಕ್ಕೆ ಬೇಕಾದ ಪಾಠಗಳಿವೆ. ಹಳೆಯದೊಂದು ರಾಜಧಾನಿಯೂ ಇಲ್ಲಿದೆ.

ಬೆಂಗಳೂರು ಕಡೆಯಿಂದ ಬರುವವರಿಗೆ ತುಂಗಭದ್ರೆಯನ್ನು ದಾಟಿದ ಮೇಲೆ ಮೊದಲು ಸಿಗುವ ದೊಡ್ಡ ಊರು ರಾಣೆಬೆನ್ನೂರು. ಹತ್ತಿ, ಬೀಜದ ವ್ಯಾಪಾರ, ಹತ್ತಿರದ ಕೃಷ್ಣಮೃಗಗಳ ಅಭಯಾರಣ್ಯ ಇವುಗಳಿಂದ ಹೆಸರಾದ ಊರು. ಇಲ್ಲೊಂದು ಕೋಟೆ ಇತ್ತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಅಲ್ಲಿನ ಸೆರೆಯಿಂದ ಹೊರಬಂದ ಚನ್ನಗಿರಿಯ ಧೋಂಡಿಯ ವಾಘ, ತನ್ನನ್ನು ಉಭಯಲೋಕಾಧೀಶ್ವರನೆಂದು ಕರೆದುಕೊಂಡು ಈ ಸೀಮೆಯಲ್ಲಿ ಬಲ ಬೆಳೆಸಿಕೊಂಡ. ಅವನನ್ನು ಬೆನ್ನಟ್ಟಿ ಬಂದವನು ಈಸ್ಟ್ ಇಂಡಿಯಾ ಕಂಪನಿಯ ಪರವಾಗಿ ಕರ್ನಲ್ ಆರ್ಥರ್ ವೆಲ್ಲೆಸ್ಲಿ. ಮುಂದೆ ವಾಟರ್‌ಲೂ ಕಾಳಗದಲ್ಲಿ ನೆಪೋಲಿಯನ್ನನನ್ನು ಸೋಲಿಸಿ ಜಗತ್ಪ್ರಸಿದ್ಧನಾದ ಡ್ಯೂಕ್ ಆಫ್ ವೆಲಿಂಗ್ಟನ್ ಇವನೇ.

1800ರ ಜೂನ್ ತಿಂಗಳ ಕೊನೆಯಲ್ಲಿ ವೆಲ್ಲೆಸ್ಲಿಯ ದಂಡು ರಾಣೆಬೆನ್ನೂರಿಗೆ ಬಂತು. ಕೋಟೆಯೊಳಗಿನಿಂದ ಗುಂಡು ಹಾರಿತು. ಅವನು ಕೂಡಲೇ ದಾಳಿಗೆ ಅಪ್ಪಣೆ ಕೊಟ್ಟ. ಕೋಟೆಯಲ್ಲಿದ್ದ ಸುಮಾರು 500 ಜನ ಕಾವಲಿನವರಲ್ಲಿ ಬಹುಪಾಲು ಎಲ್ಲರೂ ಕತ್ತಿಗೆ ತುತ್ತಾದರು. ಕಂಪನಿಯ ಕಡೆ ಆದ ನಷ್ಟ ಅತ್ಯಲ್ಪ. ಧೋಂಡಿಯ ಅದೇ ವರ್ಷದ ಸೆಪ್ಟೆಂಬರಿನಲ್ಲಿ ಕಾಳಗದಲ್ಲಿ ಸತ್ತ.

ಈ ಸಂಗತಿ ನಮಗೆ ತಿಳಿದಿರುವುದು ಗೆದ್ದವರ ಕಾಗದಪತ್ರಗಳಿಂದ. ಅವರ ಲೆಕ್ಕದಲ್ಲಿ 500 ಎಂಬುದು ಒಂದು ಅಂಕಿ. ಆ ಜನ ಯಾವ ಊರಿನವರು, ಹೊಟ್ಟೆಪಾಡಿಗೆ ಕತ್ತಿ ಹಿಡಿದವರೋ ಧೋಂಡಿಯನ ಮೇಲಿನ ನಂಬಿಕೆಯಿಂದ ಬಂದವರೋ, ಅವರ ಮನೆಗಳಿಗೆ ಸುದ್ದಿ ಮುಟ್ಟಿಸಿದವರು ಯಾರು ಎಂಬುದು ಅಂಥ ಬರಹಗಳಲ್ಲಿ ಬರುವುದಿಲ್ಲ. ನೋವು ಉಳಿಯುವ ಬಗೆಗಳಲ್ಲಿ ಇದು ಮೊದಲನೆಯದು, ಅತ್ಯಂತ ಬಡವಾದದ್ದೂ ಹೌದು. ಗೆದ್ದವನಿಗೆ ಹೆಸರಿದೆ, ಸತ್ತವರಿಗೆ ಸಂಖ್ಯೆ ಮಾತ್ರ. ತುವೋಲ್ ಸ್ಲೆಂಗಿನ ಗೋಡೆಯ ಮೇಲಿನ ಮುಖಗಳು ನೋಡುವವರನ್ನು ಕಲಕುವುದು ಏಕೆ ಎಂಬುದು ರಾಣೆಬೆನ್ನೂರಿನ ಈ 500ನ್ನು ನೆನೆದಾಗ ಚೆನ್ನಾಗಿ ತಿಳಿಯುತ್ತದೆ. ಅಲ್ಲಿ ಸಂಖ್ಯೆ ಮತ್ತೆ ಮುಖವಾಗಿದೆ.

ರಾಣೆಬೆನ್ನೂರು ಬಿಟ್ಟ ಮೇಲೆ ಬರುವುದು ಬ್ಯಾಡಗಿ ನಿಲ್ದಾಣ. ಬ್ಯಾಡಗಿ ಎಂದರೆ ಮೆಣಸಿನಕಾಯಿ ಎಂಬಷ್ಟು ಊರಿನ ಹೆಸರೂ ಬೆಳೆಯ ಹೆಸರೂ ಬೆರೆತುಹೋಗಿವೆ. ಆದರೆ ರೈಲು ನಿಲ್ಲುವುದು ಪೇಟೆಯಲ್ಲಲ್ಲ, ಕೆಲವು ಕಿಲೋಮೀಟರ್ ಆಚೆಗಿನ ಮೋಟೆಬೆನ್ನೂರಿನಲ್ಲಿ. ಮೆಣಸಿನಕಾಯಿ ಪೇಟೆಗೆ ಬಸ್ಸು ಹಿಡಿಯುವ ಅವಸರದಲ್ಲಿ ಈ ಹಳ್ಳಿಯನ್ನು ಹಿಂದೆ ಬಿಡುವವರೇ ಹೆಚ್ಚು. 1911ರ ಜೂನ್ 8ರಂದು ಮೈಲಾರ ಮಹದೇವಪ್ಪ ಹುಟ್ಟಿದ್ದು ಇಲ್ಲಿ. 1930ರಲ್ಲಿ ಗಾಂಧೀಜಿ ಸಾಬರಮತಿಯಿಂದ ದಂಡಿಗೆ ಕಾಲ್ನಡಿಗೆಯಲ್ಲಿ ಹೊರಟಾಗ ಜೊತೆಗಿದ್ದ ಸತ್ಯಾಗ್ರಹಿಗಳಲ್ಲಿ ಹದಿನೆಂಟರ ಈ ಹುಡುಗನೂ ಇದ್ದ. ಪತ್ನಿ ಸಿದ್ದಮ್ಮನವರೂ ಸ್ವಾತಂತ್ರ್ಯ ಹೋರಾಟದಲ್ಲಿ ಸೆರೆವಾಸ ಕಂಡವರು.

1942ರ ಚಲೇಜಾವ್ ಚಳವಳಿಯಲ್ಲಿ ಮಹದೇವಪ್ಪನವರ ತಂಡ ಸರಕಾರದ ಯಂತ್ರ ನಿಲ್ಲಿಸುವ ಕೆಲಸಕ್ಕೆ ಇಳಿಯಿತು. ರೈಲು ನಿಲ್ದಾಣ, ಚಾವಡಿ, ಕಂದಾಯದ ಹಣ ಇವು ಅದರ ಗುರಿ. ಮನುಷ್ಯರ ಪ್ರಾಣಕ್ಕೆ ಕೈಹಾಕಬಾರದು ಎಂಬುದು ಕಟ್ಟಳೆ. 1943ರ ಏಪ್ರಿಲ್ 1ರಂದು ಹಾವೇರಿ ತಾಲೂಕಿನ ಹೊಸರಿತ್ತಿಯಲ್ಲಿ, ಕಂದಾಯದ ಹಣ ಇರಿಸಿದ್ದ ವೀರಭದ್ರ ದೇವರ ಗುಡಿಯ ಬಳಿ, ಪೊಲೀಸರ ಗುಂಡಿಗೆ ಮಹದೇವಪ್ಪ, ತಿರಕಪ್ಪ ಮಡಿವಾಳರ, ವೀರಯ್ಯ ಹಿರೇಮಠ ಬಲಿಯಾದರು. ಮಹದೇವಪ್ಪನವರಿಗೆ ಆಗ 32 ಕೂಡ ತುಂಬಿರಲಿಲ್ಲ.

ಇಲ್ಲಿ ನೋವು ಉಳಿದ ಬಗೆ ಬೇರೆ. ಹಾವೇರಿಯಲ್ಲಿ ಈ ಹುತಾತ್ಮರ ಸ್ಮಾರಕವಾಗಿ ವೀರಸೌಧ ಇದೆ. ಶಾಲೆಯ ಮಕ್ಕಳಿಗೆ ಮಹದೇವಪ್ಪನವರ ಹೆಸರು ಗೊತ್ತು. ಆದರೆ ಗಮನಿಸಬೇಕಾದ ಸಂಗತಿ, ನಾಯಕನ ಜೊತೆ ಬಿದ್ದ ಇನ್ನಿಬ್ಬರ ಹೆಸರೂ ಉಳಿದಿದೆ ಎಂಬುದು. ಮಡಿವಾಳರು, ಹಿರೇಮಠರು, ಮೈಲಾರದವರು ಎಂದು ಮೂರು ಮನೆತನಗಳ ಹೆಸರನ್ನು ಒಂದೇ ಉಸಿರಿನಲ್ಲಿ ಹೇಳುವಾಗ ಊರಿನ ಬೇರೆಬೇರೆ ಓಣಿಗಳು ಒಂದೆಡೆ ಸೇರುತ್ತವೆ. ಸ್ಮಾರಕದ ಕಲ್ಲಿಗಿಂತ ದೊಡ್ಡ ಸ್ಮಾರಕ ಈ ಮೂರು ಹೆಸರುಗಳ ಜೋಡಣೆ.

ಹಾಗೆ ನೋಡಿದರೆ ಸತ್ತವನ ಹೆಸರನ್ನು ಉಳಿಸುವ ವಿದ್ಯೆ ಈ ಸೀಮೆಗೆ ಹೊಸದಲ್ಲ. ಹಾವೇರಿಯ ಪುರದ ಸಿದ್ದೇಶ್ವರ ಗುಡಿ ಚಾಲುಕ್ಯರ ಕಾಲದ್ದು. ಪೂರ್ವಕ್ಕೆ ಬಾಗಿಲಿರುವ ವಾಡಿಕೆಗೆ ಹೊರತಾಗಿ ಪಶ್ಚಿಮಕ್ಕೆ ಮುಖ ಮಾಡಿದೆ. ಗುಡಿಯ ಶಿಲ್ಪ ನೋಡಲು ಬಂದವರು ಅಲ್ಲಿನ ವೀರಗಲ್ಲುಗಳ ಮುಂದೆಯೂ ಸ್ವಲ್ಪ ಹೊತ್ತು ನಿಲ್ಲಬೇಕು. ವೀರಗಲ್ಲನ್ನು ಓದುವುದು ಕೆಳಗಿನಿಂದ ಮೇಲಕ್ಕೆ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ. ನಡುವೆ ಸತ್ತ ವೀರನನ್ನು ಅಪ್ಸರೆಯರು ಕರೆದೊಯ್ಯುವ ನೋಟ. ಮೇಲೆ ಶಿವಲಿಂಗದ ಮುಂದೆ ಕುಳಿತ ವೀರ, ತುದಿಯಲ್ಲಿ ಸೂರ್ಯಚಂದ್ರರು. ಸೂರ್ಯಚಂದ್ರರು ಇರುವವರೆಗೂ ಈ ನೆನಪು ಇರಲಿ ಎಂಬುದು ಅದರ ಅರ್ಥ.

ಬರಹವಿರುವ ಕಲ್ಲುಗಳಲ್ಲಿ ಸತ್ತವನ ಹೆಸರೂ ಸಾವಿನ ಕಾರಣವೂ ಸಿಗುತ್ತವೆ. ದನಗಳನ್ನು ಹೊಡೆದುಕೊಂಡು ಹೋಗುವವರನ್ನು ತಡೆದು ಸತ್ತರೆ ತುರುಗೊಳ್. ಹೆಂಗಸರ ಕೂಗಿಗೆ ಓಡಿಹೋಗಿ ಸತ್ತರೆ ಪೆಣ್ಬುಯ್ಯಲ್. ಊರೇ ಹಾಳಾಗುವ ಹೊತ್ತಿನಲ್ಲಿ ನಿಂತು ಕಾದಿದರೆ ಊರಳಿವು. ಒಂದು ಊರಿಗೆ ಒದಗಬಹುದಾದ ಕೇಡುಗಳಿಗೆಲ್ಲ ಹಳಗನ್ನಡದಲ್ಲಿ ಒಂದೊಂದು ಹೆಸರಿತ್ತು. ಕಲ್ಲು ನಿಲ್ಲುತ್ತಿದ್ದದ್ದು ರಾಜರಿಗೆ ಮಾತ್ರವಲ್ಲ, ದನ ಕಾಯುವವನಿಗೂ ನಿಲ್ಲುತ್ತಿತ್ತು. ಜೊತೆಯಲ್ಲೇ ಬಳೆ ತೊಟ್ಟ ತೋಳನ್ನು ಎತ್ತಿ ತೋರಿಸುವ ಮಾಸ್ತಿಕಲ್ಲುಗಳೂ ಈ ನಾಡಿನಲ್ಲಿವೆ. ಚಿತೆಯೇರಿದ ಹೆಂಡತಿಯ ಆ ಕಲ್ಲನ್ನು ಹೊಗಳಿಕೆಯಾಗಿ ಕೆತ್ತಲಾಯಿತು. ಇಂದು ನೋಡುವವರಿಗೆ ಅದು ನೋವಿನ ಸಾಕ್ಷಿಯಾಗಿಯೇ ಕಾಣಬೇಕು. ಕಲ್ಲು ಹೇಳಿದ್ದನ್ನಷ್ಟೇ ಅಲ್ಲ, ಹೇಳದೆ ಬಿಟ್ಟದ್ದನ್ನೂ ಕೇಳಿಸಿಕೊಳ್ಳಬೇಕಾಗುತ್ತದೆ.

ಇದು ಬರೀ ಹಳೆಯ ಕಾಲದ ಮಾತಲ್ಲ. 2008ರ ಜೂನ್ 10ರಂದು ಬಿತ್ತನೆಯ ಹೊತ್ತಿನಲ್ಲಿ ಗೊಬ್ಬರ ಸಿಗದೆ ಹಾವೇರಿಯಲ್ಲಿ ಪ್ರತಿಭಟನೆಗಿಳಿದ ರೈತರ ಮೇಲೆ ಪೊಲೀಸರು ಗೋಲಿಬಾರು ಮಾಡಿದರು. ಇಬ್ಬರು ರೈತರು ಪ್ರಾಣ ಕಳೆದುಕೊಂಡರು. ಗೊಬ್ಬರಕ್ಕಾಗಿ ಸತ್ತವನಿಗೆ ಹಳಗನ್ನಡದಲ್ಲಿ ಹೆಸರಿಲ್ಲ. ಆದರೆ ತುರುಗೊಳ್ಳಿನಲ್ಲಿ ಸತ್ತವನಿಗೂ ಇವನಿಗೂ ಇರುವ ಅಂತರ ಹೆಚ್ಚಿನದಲ್ಲ; ಇಬ್ಬರದೂ ಬದುಕಿನ ಆಧಾರಕ್ಕಾಗಿ ಆದ ಸಾವು.

ಹಾವೇರಿಯಿಂದ ಹುಬ್ಬಳ್ಳಿಯ ಹೆದ್ದಾರಿ ಹಿಡಿದು, ತುಸು ಒಳಕ್ಕೆ ತಿರುಗಿದರೆ ಬಂಕಾಪುರ. ಆರಂಭದಲ್ಲಿ ಹೇಳಿದ ಹಳೆಯ ರಾಜಧಾನಿ ಇದೇ. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ದಂಡನಾಯಕ ಬಂಕೆಯನ ಹೆಸರನ್ನು ಹೊತ್ತ ಈ ಊರು ಬನವಾಸಿ ನಾಡಿನ ರಾಜಧಾನಿಯಾಗಿತ್ತು. ಬಂಕೆಯನ ಮಗ ಲೋಕಾದಿತ್ಯ ಇಲ್ಲಿ ಆಳುತ್ತಿದ್ದಾಗ, 898ರಲ್ಲಿ, ಗುಣಭದ್ರಾಚಾರ್ಯರ ಉತ್ತರಪುರಾಣಕ್ಕೆ ಪೂಜೆ ಸಂದಿತು. ಗಂಗ ದೊರೆ ಮಾರಸಿಂಹ ರಾಜ್ಯ ತೊರೆದು 974ರಲ್ಲಿ ಸಲ್ಲೇಖನ ವ್ರತದಿಂದ ದೇಹ ಬಿಟ್ಟದ್ದು ಇಲ್ಲಿಯೇ, ಅಜಿತಸೇನ ಮುನಿಗಳ ಸನ್ನಿಧಿಯಲ್ಲಿ. ಹೊಯ್ಸಳ ವಿಷ್ಣುವರ್ಧನನೂ ಇಲ್ಲಿ ನೆಲೆಸಿ ಆಳಿದ. ಕೋಟೆಯೊಳಗಿನ ನಗರೇಶ್ವರ ಗುಡಿಯನ್ನು ಜನ ಅರವತ್ತು ಕಂಬದ ಗುಡಿ ಎನ್ನುತ್ತಾರೆ.

1565ರಲ್ಲಿ ವಿಜಯನಗರ ಬಿದ್ದ ಮೇಲೆ ಈ ಕೋಟೆ ಸ್ವತಂತ್ರ ನಾಯಕನ ಕೈಯಲ್ಲಿತ್ತು. 1570ರ ದಶಕದಲ್ಲಿ ಬಿಜಾಪುರದ ಅಲಿ ಆದಿಲಶಾಹ ಮುತ್ತಿಗೆ ಹಾಕಿದ. ವರ್ಷಕ್ಕೂ ಮಿಕ್ಕಿ ನಡೆದ ಮುತ್ತಿಗೆಯ ಕೊನೆಗೆ ಕೋಟೆ ಶರಣಾಯಿತು. ಸುಲ್ತಾನ ಇಲ್ಲಿನ ಭವ್ಯವಾದ ಗುಡಿಯೊಂದನ್ನು ಕೆಡವಿಸಿ ಮಸೀದಿಗೆ ತಾನೇ ಅಡಿಗಲ್ಲು ಇಟ್ಟನೆಂದು ಇತಿಹಾಸಕಾರ ಫೆರಿಸ್ತ ಬರೆದಿದ್ದಾನೆ. ಮುಂದೆ ಸವಣೂರಿನ ನವಾಬರು, ಹೈದರ್ ಅಲಿ, ಮರಾಠರು, ಕಂಪನಿಯವರು ಎಂದು ಕೋಟೆಯ ಒಡೆಯರು ಬದಲಾಗುತ್ತಲೇ ಹೋದರು.

ಇಂಥ ಸ್ಥಳದಲ್ಲಿ ಎರಡು ತಪ್ಪುಗಳು ಸುಲಭ. ಕಂಬಗಳ ನುಣುಪನ್ನು ಮೆಚ್ಚಿ, ಚಿತ್ರ ತೆಗೆಸಿಕೊಂಡು, ಏನೂ ನಡೆದೇ ಇಲ್ಲವೆಂಬಂತೆ ಮರಳುವುದು ಒಂದು. ಹಳೆಯ ಗಾಯವನ್ನು ಇಂದಿನ ನೆರೆಮನೆಯವನ ಲೆಕ್ಕಕ್ಕೆ ಬರೆದು ಸಿಟ್ಟು ಹೊತ್ತು ಮರಳುವುದು ಇನ್ನೊಂದು. ಮೊದಲನೆಯದು ಮರೆವು, ಎರಡನೆಯದು ನೆನಪಿನ ದುರುಪಯೋಗ. ನೋಮ್ ಪೆನ್ ಇಲ್ಲಿ ನೆರವಿಗೆ ಬರುತ್ತದೆ. ಅಲ್ಲಿ ಕೊಂದವರೂ ಕೊಲ್ಲಿಸಿಕೊಂಡವರೂ ಹೆಚ್ಚಿನಂಶ ಒಂದೇ ನುಡಿಯ, ಒಂದೇ ನಾಡಿನ ಜನ. ಆ ಗೋಡೆಯ ಮುಂದೆ ನಿಂತವನು ಯಾರನ್ನು ದ್ವೇಷಿಸಲಿ ಎಂದು ಕೇಳಿದರೆ ಉತ್ತರ ಸಿಗದು. ಇದು ಹೇಗೆ ಸಾಧ್ಯವಾಯಿತು ಎಂದು ಕೇಳಬೇಕಾಗುತ್ತದೆ. ಬಂಕಾಪುರದಲ್ಲೂ ಕೇಳಬೇಕಾದ ಪ್ರಶ್ನೆ ಅದೇ. ರಾಣೆಬೆನ್ನೂರನ್ನು ಹೊಕ್ಕ ಕಂಪನಿಯ ದಂಡಿನಲ್ಲಿ ಈ ದೇಶದ ಸಿಪಾಯಿಗಳೇ ಇದ್ದರೆಂಬುದನ್ನು ಇದರೊಂದಿಗೆ ನೆನೆಯಬೇಕು.

ಯುದ್ಧದ ಗಾಯದಿಂದ ಬೇರೊಂದು ದಾರಿ ಹಿಡಿದವರ ಕಥೆಯೂ ಈ ನೆಲದ್ದೇ. ಬಂಕಾಪುರದ ಸಮೀಪದ ಬಾಡ ಕನಕದಾಸರ ಹುಟ್ಟೂರು. ದಂಡನಾಯಕರಾಗಿದ್ದ ಅವರು ಕಾಳಗದಲ್ಲಿ ತೀವ್ರವಾಗಿ ಗಾಯಗೊಂಡು ಬದುಕುಳಿದ ಮೇಲೆ ಕತ್ತಿ ಕೆಳಗಿಟ್ಟು ಹರಿದಾಸರಾದರೆಂದು ಪರಂಪರೆ ಹೇಳುತ್ತದೆ. ಅವರು ನೆಚ್ಚಿದ ಆದಿಕೇಶವನ ಕಾಗಿನೆಲೆ ಬ್ಯಾಡಗಿ ತಾಲೂಕಿನಲ್ಲಿದೆ. ಒಡೆತನ ಬಿಟ್ಟು ತಂಬೂರಿ ಹಿಡಿದು ಊರೂರು ತಿರುಗಿದ ದಾಸರಿಗಿಂತ ಹಳೆಯ ಹೆಗಲಚೀಲದ ಪ್ರವಾಸಿಗಳನ್ನು ಎಲ್ಲಿ ಹುಡುಕುವುದು?

ಇಂದು ಬಂಕಾಪುರದ ಕೋಟೆಯ ಕಂದಕ, ಪೊದೆಗಳಲ್ಲಿ ನವಿಲುಗಳು ತುಂಬಿವೆ. 2006ರಲ್ಲಿ ಅದನ್ನು ನವಿಲುಧಾಮವೆಂದು ಸಾರಲಾಯಿತು. ಒಳಗೆ ಖಿಲಾರಿ ದನಗಳ ತಳಿ ಸಂವರ್ಧನೆಯ ಕೇಂದ್ರ ಇದೆ. ಕಾಳಗದ ನೆಲದಲ್ಲಿ ನವಿಲು, ದನ, ಹುಲ್ಲು. ನೆಲ ತನ್ನಷ್ಟಕ್ಕೆ ಮರೆಯುವುದು ಹೀಗೆ, ಅದರಲ್ಲಿ ತಪ್ಪಿಲ್ಲ. ಮರೆಯಬಾರದ ಹೊಣೆ ಮನುಷ್ಯರದ್ದು.

ಈ ದಾರಿಯಲ್ಲಿ ಹೊರಡುವವರಿಗೆ ಹೆಚ್ಚಿನ ಸಿದ್ಧತೆ ಬೇಕಿಲ್ಲ. ರೈಲು, ಬಸ್ಸು, ಖಾನಾವಳಿಯ ರೊಟ್ಟಿ ಊಟ, ಎರಡು ಮೂರು ದಿನ ಸಾಕು. ನೋಡುವ ಕ್ರಮವೊಂದನ್ನು ಮಾತ್ರ ರೂಢಿಸಿಕೊಳ್ಳಬೇಕು. ಕಟ್ಟಿಸಿದವರು ಯಾರು, ಗೆದ್ದವರು ಯಾರು ಎಂಬ ಎರಡು ಪ್ರಶ್ನೆಗಳನ್ನು ಫಲಕಗಳೂ ಪುಸ್ತಕಗಳೂ ಉತ್ತರಿಸುತ್ತವೆ. ಇಲ್ಲಿ ಸತ್ತವರು ಯಾರು, ಅವರಿಗಾಗಿ ಅತ್ತವರು ಯಾರು ಎಂಬ ಇನ್ನೆರಡನ್ನು ಬಂದವರೇ ಕೇಳಬೇಕು. ಆ ಪ್ರಶ್ನೆಗೆ ಊರಿನ ಹಿರಿಯರೊಬ್ಬರು ಒಂದು ಹೆಸರು ಹೇಳಿದರೂ ಸಾಕು, ಒಂದು ವೀರಗಲ್ಲು ನಿಲ್ಲಿಸಿದಂತೆ.